ಮೆಟ್ಟಿಲ ಕೆಳಗಿನ ‘ಆಯ್ತಾ?’

ಮೇಲಿನ ಕೋಣೆ,
ಭಾನುವಾರ ಬೆಳಿಗ್ಗೆ

ನನ್ನ ಹಟಮಾರಿ ಅಮ್ಮನಿಗೆ, ನಿನ್ನ ಹಟವನ್ನೇ ಬಳುವಳಿಯಾಗಿ ಪಡೆದ ಮಗಳ ನಮಸ್ಕಾರ.

ನಿನ್ನ ಕಾಗದವನ್ನು ಔಷಧಿ ವ್ಯಾನಿನವನು ನಿನ್ನೆ ಅಂಗಡಿಗೇ ತಂದು ಕೊಟ್ಟ. ಜೆರಾಕ್ಸ್ ಯಂತ್ರದ ಪಕ್ಕದಲ್ಲಿ ನಿಂತೇ ಓದಿದೆ. ರಾಜೀನಾಮೆ ಬರೆದು ಡ್ರಾಯರಿನಲ್ಲಿ ಇಟ್ಟಿದ್ದೀಯಂತೆ. ನನ್ನ ಉತ್ತರ ನೋಡಿ ದೊಡ್ಡ ಡಾಕ್ಟರ ಕೈಗೆ ಕೊಡುತ್ತೀಯಂತೆ. ನಾನು ಹೇಳಬೇಕಾದದ್ದು ಒಂದೇ ಸಾಲು ಎಂದೂ ಬರೆದಿದ್ದೀಯ: ಅಪ್ಪನ ಮಾತಿನ ಅಭ್ಯಾಸ ನಿಂತಿದೆಯೋ, ಇಲ್ಲವೋ.

ನಿಂತಿತ್ತು. ಮಾವ ನಿನಗೆ ಫೋನಿನಲ್ಲಿ ಹೇಳಿದ್ದು ಸುಳ್ಳಲ್ಲ.

ಇಷ್ಟು ಓದಿದ ತಕ್ಷಣ ನೀನು ಎದ್ದು ಬ್ಯಾಗಿಗೆ ಸೀರೆ ತುರುಕುತ್ತೀಯ ಎಂದು ನನಗೆ ಗೊತ್ತು. ಕೂತುಕೋ. ವ್ಯಾನಿನವನು ನಾಳೆ ಹೊರಡುವ ಮುಂಚೆ ಈ ಕಾಗದ ಅವನ ಕೈಗೆ ಸೇರಬೇಕು, ಅದಕ್ಕೇ ಬೆಳಿಗ್ಗೆಯೇ ಬರೆಯಲು ಕೂತಿದ್ದೇನೆ. ಪೂರ್ತಿ ಓದಿದ ಮೇಲೆ ನಿನಗೆ ತೋಚಿದ್ದು ಮಾಡು. ಆದರೆ ಪೂರ್ತಿ ಓದು. ಆಸ್ಪತ್ರೆಯ ಆಫೀಸಿನ ಫೋನಿನಲ್ಲಿ, ಒಂದೇ ಸಾಲಿನಲ್ಲಿ ಉತ್ತರ ಹೇಳುವ ಪ್ರಶ್ನೆ ಅದಲ್ಲ.

ನೀನು ಹೆರಿಗೆ ಕೆಲಸ ಕಲಿಸಲು ನದಿಯ ಕಡೆಯ ಆಸ್ಪತ್ರೆಗೆ ಹೊರಡುವ ಮುಂಚೆ ನಾವಿಬ್ಬರೂ ಸೇರಿ ಮಾಡಿದ ಏರ್ಪಾಡನ್ನು ನೆನಪಿಸಿಕೋ. ಮಾತು ಕಳೆದುಕೊಂಡ ಅಪ್ಪನಿಗೆ ದಿನವೂ ಒಂದೇ ಹೊತ್ತಿಗೆ ಒಂದೇ ಮುಖ ಎದುರಿಗಿರಬೇಕು, ಮಾತು ಹೊರಡುವಾಗ ತುಟಿ ದೊಡ್ಡದಾಗಿ ಕಾಣಬೇಕು ಎಂದು ಮಾತಿನ ಡಾಕ್ಟರು ಹೇಳಿದ್ದರು. ನೀನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ಪಾಠ ಹೇಳುವ ಅದೇ ಗತ್ತಿನಲ್ಲಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ. ನೀರು. ಬಾಗಿಲು. ಕನ್ನಡಿ. ನಾನು ವಿಡಿಯೊ ತೆಗೆದೆ. ಆ ವಿಡಿಯೊಗಳೆಲ್ಲ ಮೇಲಿನ ಕೋಣೆಯ ನನ್ನ ಹಳೆಯ ಕಂಪ್ಯೂಟರಿನಲ್ಲಿವೆ. ಅಲ್ಲಿಂದ ಮನೆಯೊಳಗಿನ ವೈಫೈ ಮೂಲಕವೇ ಕೆಳಗೆ ಅಪ್ಪನ ಮಂಚದ ಎದುರಿನ ಟಿವಿಗೆ ಬರುತ್ತವೆ. ನಡುವೆ ಯಾವ ಕಂಪನಿಯೂ ಇಲ್ಲ, ಯಾವ ಚಂದಾವೂ ಇಲ್ಲ. ನಮ್ಮ ಮನೆಯ ಮಾತು ನಮ್ಮ ಮನೆಯ ಗೋಡೆ ದಾಟುವುದಿಲ್ಲ. ನನ್ನ ಬದುಕಿನಲ್ಲಿ ನಾನು ಕಟ್ಟಿದ ಮೊದಲ ಸಂಸ್ಥೆ ಅದು. ನೀನು ನಕ್ಕರೂ ನಾನು ಹಾಗೆಯೇ ಕರೆಯುವುದು.

ಅದನ್ನು ಕೆಡವಿದವಳೂ ನಾನೇ. ಹೋದ ಭಾನುವಾರ.

ಕಾರಣ ಕೇಳಿದರೆ ನಿನಗೆ ಸಿಟ್ಟು ಬರಬಹುದು, ಆದರೂ ಹೇಳುತ್ತೇನೆ. ಆ ಕಂಪ್ಯೂಟರನ್ನು ನಡೆಸುತ್ತಿದ್ದ ಲಿನಕ್ಸ್‌ ಎಂಬ ಮೂಲ ತಂತ್ರಾಂಶ ಒಂದು ಕಂಪನಿ ಹಂಚುವ ಬಗೆಯದು. ಹೊಸದರಲ್ಲಿ ಮರ್ಯಾದೆಯಾಗಿತ್ತು. ಈಚೆಗೆ ತೆರೆದಾಗಲೆಲ್ಲ ‘ನಮ್ಮ ವಿಶೇಷ ಸೇವೆಗೆ ಸೇರಿಕೊಳ್ಳಿ’ ಎಂದು ಮೊದಲ ಸಾಲಿನಲ್ಲೇ ಜಾಹೀರಾತು ಹಾಕತೊಡಗಿತು. ನನ್ನದೇ ಯಂತ್ರ, ನನ್ನದೇ ಕೋಣೆ, ಅದರೊಳಗೆ ನಿಂತು ಇನ್ನೊಬ್ಬ ವ್ಯಾಪಾರ ಕೂಗುವುದೇ? ಅಂಗಡಿಗೆ ನಕಲು ಮಾಡಿಸಲು ಬರುವ ಗಣಕ ಸ್ವಾತಂತ್ರ್ಯದ ಕರಪತ್ರಗಳನ್ನು ನಾನು ಒಂದು ಪ್ರತಿ ಹೆಚ್ಚಿಗೆ ತೆಗೆದು ಓದುತ್ತೇನಲ್ಲ, ನೀನು ‘ರದ್ದಿ’ ಎನ್ನುತ್ತೀಯಲ್ಲ, ಅದರಲ್ಲೇ ಬರೆದಿತ್ತು: ಯಂತ್ರ ನಿನ್ನ ಮಾತು ಕೇಳದಿದ್ದರೆ ಅದು ಬೇರೆ ಯಾರದೋ ಮಾತು ಕೇಳುತ್ತಿದೆ ಎಂದೇ ಅರ್ಥ. ನಾನು ಆ ಲಿನಕ್ಸನ್ನು ಪೂರ್ತಿ ಅಳಿಸಿ, ಯಾವ ಕಂಪನಿಯ ಹಂಗೂ ಇಲ್ಲದೆ ಸಾವಿರಾರು ಜನ ಕೂಡಿ ನಡೆಸುವ ಇನ್ನೊಂದು ಲಿನಕ್ಸ್ ಹಾಕಿದೆ. ನಿನ್ನ ವಿಡಿಯೊಗಳಿದ್ದ ಡಿಸ್ಕನ್ನು ಮೊದಲೇ ಬಿಚ್ಚಿ ಹಾಸಿಗೆಯ ಮೇಲೆ ಟವಲಿನಲ್ಲಿ ಸುತ್ತಿ ಇಟ್ಟಿದ್ದೆ. ಅದರಲ್ಲಿ ಒಂದು ಕೂದಲೂ ಕೊಂಕಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತೇನೆ. ಎಷ್ಟೋ ಓದಿದವರು ಈ ಹೆಜ್ಜೆಯಲ್ಲೇ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಹೊಸ ಲಿನಕ್ಸ್ ಕೂತಿತು. ಡಿಸ್ಕ್ ಸಿಕ್ಕಿಸಿದೆ. ಟಿವಿಗೆ ವಿಡಿಯೊ ಬಡಿಸುವ ಪ್ರೋಗ್ರಾಂ ಹಾಕಿದೆ. ಸಂಜೆ ಅಪ್ಪ ಎಂದಿನಂತೆ ಕನ್ನಡಕ ಒರೆಸಿ ಹಾಕಿಕೊಂಡು, ದಿಂಬಿಗೆ ಒರಗಿ ಕೂತ. ನಾನು ಟಿವಿ ಹಚ್ಚಿದೆ. ‘ಸರ್ವರ್ ಸಿಗುತ್ತಿಲ್ಲ’ ಎಂದಿತು. ಸರ್ವರ್ ಅಂದರೆ ವಿಡಿಯೊ ಬಡಿಸುವ ಮೇಲಿನ ನನ್ನ ಯಂತ್ರವೇ.

ನಿನಗೆ ಅಂದೇ ಬರೆಯಲಿಲ್ಲ, ಏಕೆಂದರೆ ಅಂದೇ ಸರಿಹೋಗುತ್ತದೆ ಎಂದುಕೊಂಡಿದ್ದೆ. ಮರುದಿನವೂ ಹಾಗೆಯೇ ಅಂದುಕೊಂಡೆ.

ಮೊದಲ ತೊಡಕು ಸುಲಭದ್ದು. ಮನೆಯ ವೈಫೈ ಹಂಚುವ ಡಬ್ಬಿ ನನ್ನ ಯಂತ್ರವನ್ನು ಹೊಸಬ ಎಂದು ತಿಳಿದು ಹೊಸ ನಂಬರು ಕೊಟ್ಟಿತ್ತು. ಟಿವಿ ಹಳೆಯ ನಂಬರಿಗೇ ಹೋಗಿ ಬಾಗಿಲು ಬಡಿಯುತ್ತಿತ್ತು. ಡಬ್ಬಿಗೆ ಹೇಳಿ ಹಳೆಯ ನಂಬರನ್ನೇ ಕಾಯಂ ಮಾಡಿಸಿದೆ. ಆಮೇಲೂ ಸಿಗಲಿಲ್ಲ. ಹೊಸ ಲಿನಕ್ಸಿನಲ್ಲಿ ನಾನೇ ಹುಷಾರಿನಿಂದ ಕಾವಲು ಹಾಕಿದ್ದೆ, ಹೊರಗಿನವರು ಯಾರೂ ನುಗ್ಗದಂತೆ. ಆ ಕಾವಲು ನಮ್ಮ ಟಿವಿಯನ್ನೂ ತಡೆದಿತ್ತು. ಮನೆಯೊಳಗಿನವರಿಗೆ ಮಾತ್ರ ಒಂದು ಕಿಂಡಿ ತೆರೆದೆ. ಟಿವಿಗೆ ಸರ್ವರ್ ಸಿಕ್ಕಿತು. ನಾನು ಮೇಲಿನಿಂದಲೇ ಸಿಳ್ಳೆ ಹಾಕಿದೆ.

ಕೆಳಗೆ ಬಂದು ನೋಡಿದರೆ ಟಿವಿಯ ಪರದೆಯಲ್ಲಿ ವಿಡಿಯೊಗಳ ಕಪಾಟು ಖಾಲಿ. ‘ಪಾಠ’ ಎಂಬ ಹೆಸರಿದೆ, ಒಳಗೆ ಏನೂ ಇಲ್ಲ. ಅಪ್ಪ ಆ ಖಾಲಿ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, ಕನ್ನಡಕ ತೆಗೆದು, ಗೋಡೆಯ ಕಡೆ ತಿರುಗಿ ಮಲಗಿದ.

ಅಮ್ಮಾ, ಆ ಬೆನ್ನು ನೋಡಿದಾಗ ನನಗೆ ಹೇಗಾಯಿತು ಎಂದು ಬರೆಯುವುದಿಲ್ಲ.

ಅವನ ಸ್ಥಿತಿ ನಿನಗೆ ಗೊತ್ತಿರುವುದೇ. ತರಕಾರಿ ಮಂಡಿಯಲ್ಲಿ ಮುಂಜಾವಿನಿಂದ ಹರಾಜು ಕೂಗಿದ ಗಂಟಲು. ಮಂಡಿಯವರೆಲ್ಲ ‘ಮೈಕಣ್ಣ’ ಎನ್ನುತ್ತಿದ್ದರು. ಕೊನೆಯ ಸಾಲಿನ ಟೊಮೆಟೊ ಬುಟ್ಟಿಯವನಿಗೂ ಮೈಕಿಲ್ಲದೆ ಕೇಳುತ್ತಿತ್ತು. ಪಾರ್ಶ್ವವಾಯು ಬಡಿದ ಮೇಲೆ ಆ ಗಂಟಲಿನಲ್ಲಿ ಉಳಿದದ್ದು ಅಂಕಿಗಳು ಮಾತ್ರ. ಶುರು ಮಾಡಿದರೆ ಅಂಕಿಗಳು ಹರಾಜಿನ ಓಟದಲ್ಲೇ ತಾವಾಗಿ ಹೊರಡುತ್ತವೆ, ಆದರೆ ಬಾಯಾರಿದಾಗ ‘ನೀರು’ ಬರುವುದಿಲ್ಲ. ನಿನ್ನ ಪಾಠಗಳಿಂದ ಹತ್ತಿಪ್ಪತ್ತು ಮಾತು ಬಂದಿದ್ದವು. ಅದೂ ನೀನು ಪರದೆಯಲ್ಲಿ ಹೇಳಿದರೆ ನಿನ್ನ ಹಿಂದೆ ಹೇಳುತ್ತಿದ್ದ, ಅಷ್ಟೇ. ತಾನಾಗಿ ಬಾಯಿ ತೆರೆದು ಏನನ್ನೂ ಕೇಳುತ್ತಿರಲಿಲ್ಲ. ಬೇಕಾದದ್ದಕ್ಕೆ ಕೋಲಿನಿಂದ ನೆಲ ಕುಟ್ಟುತ್ತಿದ್ದ. ನೀನು ಹೊರಟ ದಿನ ಇದ್ದ ಅಪ್ಪ ಅವನೇ. ಈ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದು.

ಟಿವಿ ಹೋದ ಮೇಲೆ ನಿನ್ನ ಜಾಗದಲ್ಲಿ ನಾನೇ ಸ್ಟೂಲು ಹಾಕಿಕೊಂಡು ಕೂತೆ. ತುಟಿ ಅಗಲಿಸಿ ‘ನೀ... ರು’ ಅಂದೆ. ಅವನು ನನ್ನನ್ನು ಹೇಗೆ ನೋಡಿದ ಅಂದರೆ, ಶಾಲೆಯಲ್ಲಿ ಮಾನಿಟರು ಮೇಷ್ಟರ ಕುರ್ಚಿಯಲ್ಲಿ ಕೂತರೆ ಉಳಿದವರು ನೋಡುತ್ತಾರಲ್ಲ, ಹಾಗೆ. ಕಂಪ್ಯೂಟರಿನ ಪರದೆಯನ್ನೇ ಕೆಳಗೆ ಹೊತ್ತು ತಂದು ತೋರಿಸಿದೆ. ಅದು ಸಣ್ಣದು, ಅವನ ಎಡಗಣ್ಣಿನ ಕಡೆಯದ್ದು ಅವನಿಗೆ ಈಗಲೂ ಮಸುಕು, ನಿನ್ನ ತುಟಿ ಕಾಣಲಿಲ್ಲ. ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದೆ. ಈ ಬಗೆಯ ವಿಡಿಯೊ ನನಗೆ ಬರುವುದಿಲ್ಲ ಎಂದು ಟಿವಿ ಕೈ ಚೆಲ್ಲಿತು. ಅದಕ್ಕೆ ಅರ್ಥವಾಗುವಂತೆ ಬದಲಾಯಿಸಿ ಕೊಡುತ್ತಿದ್ದದ್ದೇ ಸರ್ವರು. ಹಾಗಾಗಿ ಬೇರೆ ದಾರಿ ಇರಲಿಲ್ಲ. ದಿನವೂ ಅಂಗಡಿ ಮುಗಿಸಿ ಬಂದು, ಕೈಕಾಲು ತೊಳೆದು, ಮೇಲೆ ಹತ್ತಿ ಯಂತ್ರದ ಮುಂದೆ ಕೂರುತ್ತಿದ್ದೆ.

ಅಲ್ಲಿಂದ ಶುರುವಾದದ್ದನ್ನು ನಾನು ಆಗ ಗಮನಿಸಲೇ ಇಲ್ಲ. 

ಅಪ್ಪ ಕೋಲು ಹಿಡಿದು ಹಾಸಿಗೆ ಬಿಟ್ಟು ಬಂದು ಮೆಟ್ಟಿಲ ಬುಡದಲ್ಲಿ ನಿನ್ನ ಆ ಅಡುಗೆಮನೆ ಸ್ಟೂಲಿನ ಮೇಲೆ ಕೂರತೊಡಗಿದ. ನನಗೆ ಯಂತ್ರದೊಡನೆ ಬಾಯಿಬಿಟ್ಟು ಜಗಳವಾಡುವ ಅಭ್ಯಾಸ. ಮೇಲೆ ನಾನು ‘ಅಲ್ಲೇ ಇದೆಯಲ್ಲೋ, ಕಣ್ಣು ಕಾಣಲ್ವಾ ನಿಂಗೆ’ ಎಂದು ಬೈಯುವುದು, ಕೆಳಗೆ ಅವನು ಕೇಳಿಸಿಕೊಳ್ಳುವುದು. ಸ್ವಲ್ಪ ಹೊತ್ತಿಗೊಮ್ಮೆ ಕೆಳಗಿನಿಂದ ‘ಆಯ್ತಾ?’ ಎಂದು ಕೂಗು. ನಾನು ತಲೆ ಎತ್ತದೆ ‘ಇನ್ನೂ ಇಲ್ಲಪ್ಪ’ ಎನ್ನುವುದು. ಮತ್ತೆ ‘ಆಯ್ತಾ?’. ಮತ್ತೆ ‘ಇಲ್ಲಪ್ಪ’. ಮೂರನೆಯ ಸಂಜೆಯೋ ಏನೋ, ‘ಯಾಕೆ?’ ಅಂದ. ಡಿಸ್ಕು ಕಾಣುತ್ತೆ, ಒಳಗಿರೋದು ಕಾಣಲ್ಲ ಅಂದೆ. ‘ಬೇಗ’ ಅಂದ. ನನಗೆ ರೇಗಿತು. ನೀನೇ ಬಂದು ಮಾಡು ಹಾಗಾದ್ರೆ ಅಂದೆ. ಕೆಳಗಿನಿಂದ ನಗು ಕೇಳಿಸಿತು, ಹಳೆಯ ಮಂಡಿಯ ನಗು.

ಅಷ್ಟೆಲ್ಲ ಆದರೂ ನನ್ನ ತಲೆಗೆ ಹೊಳೆಯಲಿಲ್ಲ ಅಮ್ಮ. ಇಷ್ಟು ದಿನ ಕೋಲಿನಿಂದ ನೆಲ ಕುಟ್ಟುತ್ತಿದ್ದವನು ಪ್ರಶ್ನೆ ಕೇಳುತ್ತಿದ್ದಾನೆ ಎಂಬುದು. ನಾನು ಆ ಖಾಲಿ ಕಪಾಟಿನೊಳಗೆ ತಲೆ ಹುದುಗಿಸಿದ್ದೆ.

ಮಾವ ಬಂದದ್ದು ಶುಕ್ರವಾರ ಸಂಜೆ. ನಿನ್ನ ತಮ್ಮನ ವಿಷಯ ನಿನಗೆ ಹೇಳಬೇಕಿಲ್ಲ. ಟಿವಿ ಚಂದಾ ಮಾರುತ್ತಾನೆ, ನನ್ನ ಸರ್ವರನ್ನು ಕಂಡರೆ ಅವನಿಗೆ ಆಗದು. ಬಂದವನೇ ಟಿವಿ ಹಚ್ಚಿ, ಖಾಲಿ ಕಪಾಟು ನೋಡಿ, ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕರೆದ. ನಿನ್ನ ಪುಕ್ಕಟೆ ಕ್ರಾಂತಿ ಎಲ್ಲಿಗೆ ಬಂತಮ್ಮ ಎಂದು ಕೇಳಿದ. ವಿಡಿಯೊಗಳನ್ನು ಅವನ ಕೈಗೆ ಕೊಟ್ಟರೆ ಅವನ ಕಂಪನಿಯ ಖಾತೆಗೆ ಏರಿಸಿ, ಅವನ ಡಬ್ಬಿಯಿಂದಲೇ ಅರ್ಧ ಗಂಟೆಯಲ್ಲಿ ತೋರಿಸುತ್ತಾನಂತೆ. ನಾನು ಆಗುವುದಿಲ್ಲ ಅಂದೆ. ಆ ವಿಡಿಯೊಗಳಲ್ಲಿ ಕೆಲವದರಲ್ಲಿ ಅಪ್ಪನೂ ಇದ್ದಾನೆ. ನಿನ್ನ ಪಕ್ಕದಲ್ಲಿ ಕೂತು, ಮಾತು ಬಾರದೆ, ಬಾಯಿ ಸೊಟ್ಟಗೆ ಮಾಡಿಕೊಂಡು ಅತ್ತದ್ದೂ ಇದೆ. ಮಂಡಿಯನ್ನೇ ನಡುಗಿಸಿದ ಮನುಷ್ಯನ ಆ ಅಳು ಯಾವುದೋ ಊರಿನ ಯಾವುದೋ ಕಂಪನಿಯ ಗೋದಾಮಿನಲ್ಲಿ ಕೂರಬಾರದು. ಇದು ನನ್ನ ಸಿದ್ಧಾಂತ ಅಂದುಕೊಳ್ಳಲಿ, ಮೊಂಡುತನ ಅಂದುಕೊಳ್ಳಲಿ, ಆ ವಿಡಿಯೊಗಳನ್ನು ನಾನು ಕೊಡುವುದಿಲ್ಲ ಅಂದೆ.

ಆಗ ಮಾವ ಹೇಳಿದ, ಪಾಠ ನಿಂತದ್ದು ಕೆಳಮನೆಯ ದರ್ಜಿ ಚಿಕ್ಕಮ್ಮನಿಂದ ತಿಳಿದು ಹಿಂದಿನ ದಿನವೇ ಆಸ್ಪತ್ರೆಗೆ ಫೋನ್ ಮಾಡಿ ನಿನಗೆ ಎಲ್ಲ ತಿಳಿಸಿದ್ದಾನೆ ಎಂದು. ಅಪ್ಪನ ಕಡೆ ತಿರುಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ ಜೋರಾಗಿ ಹೇಳಿದ.

“ಅಕ್ಕಂಗೆ ಹೇಳಿದೀನಿ ಭಾವ. ಕೆಲಸ ಬಿಟ್ಟು ಬಂದ್ಬಿಡ್ತಾಳೆ. ನೀವೇನೂ ಯೋಚ್ನೆ ಮಾಡ್ಬೇಡಿ.”

ಅಪ್ಪ ಸ್ಟೂಲಿನಿಂದ ಎದ್ದ. ಯಾರೂ ಕೈ ಕೊಡಲಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಮೆಟ್ಟಿಲ ಕಟಾಂಜನಕ್ಕೆ. ಬಾಯಿ ತೆರೆದ, ಮುಚ್ಚಿದ. ಕುತ್ತಿಗೆಯ ನರ ಉಬ್ಬಿತು. ನಾನು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದೆ, ಮಾವ ಬಾಗಿಲ ಬಳಿ. ಅಪ್ಪನಿಗೆ ನೀರು ಬೇಕೇನೋ ಎಂದು ಮಾವ ನೀರಿನ ಲೋಟ ಎತ್ತಿಕೊಂಡ.

“ಬೇಡ,” ಅಂದ ಅಪ್ಪ.

ಮಾವ ಲೋಟ ಕೆಳಗಿಟ್ಟ. ಅಪ್ಪ ಅದಕ್ಕಲ್ಲ ಹೇಳಿದ್ದು. ತಲೆ ಅಲ್ಲಾಡಿಸಿ, ಕೋಲಿನಿಂದ ಬಾಗಿಲ ಆಚೆಗೆ, ನದಿಯ ಕಡೆಗೆ, ನೀನಿರುವ ಕಡೆಗೆ ತೋರಿಸಿದ. ಒಂದೊಂದು ಮಾತಿನ ನಡುವೆಯೂ ಒಂದು ಚೀಲ ಹೊತ್ತು ಇಳಿಸುವಷ್ಟು ಹೊತ್ತು.

“ಬರೋದು... ಬೇಡ. ಅವಳು... ಅಲ್ಲಿ ಟೀಚರು. ಇಲ್ಲಿ... ಆಯಾ.”

 ಮಾವ ನನ್ನನ್ನು ನೋಡಿದ. ನಾನು ಅಪ್ಪನನ್ನು ನೋಡಿದೆ. ಅವನಿಗೆ ಬೆವರಿಳಿದಿತ್ತು, ಆದರೆ ಕೂರಲಿಲ್ಲ. ಮಾವ ಏನಾದರೂ ಅಂದರೆ ಇನ್ನೊಂದು ಮಾತು ಹೇಳಲು ಸಿದ್ಧನಾಗಿ ನಿಂತೇ ಇದ್ದ.

ಮಾವ ಹೊರಟ. ಚಪ್ಪಲಿ ಹಾಕಿಕೊಳ್ಳುವಾಗ, ಕೆಳಗಿಳಿದು ಬಂದ ನನ್ನ ಕಿವಿಯ ಹತ್ತಿರ, “ಯಾವಾಗಿಂದ ಹೀಗೆ ಮಾತಾಡ್ತಿದಾರೆ?” ಎಂದು ಕೇಳಿದ. ಆಗ ನನಗೆ ಮೆಟ್ಟಿಲ ಕೆಳಗಿನ ‘ಆಯ್ತಾ?’ಗಳೆಲ್ಲ ಒಟ್ಟಿಗೆ ನೆನಪಾದವು. ಭಾನುವಾರದಿಂದ, ಅಂದೆ. ಸರ್ವರ್ ಕೆಟ್ಟಾಗಿನಿಂದ ಎಂದು ಹೇಳಲು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವನ ಮುಂದೆ ನನ್ನ ಸಂಸ್ಥೆಯ ಮರ್ಯಾದೆಯೂ ಉಳಿಯಬೇಕಲ್ಲ.

‘ಬರೋದು ಬೇಡ’, ‘ಟೀಚರು’, ‘ಆಯಾ’: ಇವು ಯಾವುವೂ ನಿನ್ನ ಪಾಠದಲ್ಲಿ ಇಲ್ಲ ಅಮ್ಮ. ನೀನು ಕಲಿಸಿದ ಬಾಯಿಯಿಂದಲೇ ಬಂದವು, ಆದರೆ ನೀನು ಕಲಿಸಿದ ಮಾತುಗಳಲ್ಲ. ನಮ್ಮ ಮನೆಯಲ್ಲಿ ಇಷ್ಟು ಉದ್ದದ ಭಾಷಣವನ್ನು ನಾನು ಎಷ್ಟೋ ತಿಂಗಳಿಂದ ಕೇಳಿರಲಿಲ್ಲ. ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ, ಚಪ್ಪಾಳೆ ತಟ್ಟಿದ್ದೇನೆ. ಈ ಭಾಷಣಕ್ಕೆ ತಟ್ಟಲು ಕೈ ಮೇಲೇಳಲಿಲ್ಲ. ಅರ್ಧ ಮೆಟ್ಟಿಲೇರಿ ಅಲ್ಲೇ ಕೂತುಬಿಟ್ಟೆ.

ಅಪ್ಪ ಕತ್ತೆತ್ತಿ ನನ್ನನ್ನು ನೋಡಿ, “ಆಯ್ತಾ?” ಅಂದ. ಹೋಗಿ ಕೆಲಸ ನೋಡು ಎಂದು ಅದರ ಅರ್ಥ. ಹೋದೆ.

ಇನ್ನು ತೊಡಕು ಬಿಡಿಸಿದ ಕಥೆ. ಇದನ್ನು ನೀನು ಹಾರಿಸಿ ಓದಬಾರದು, ಏಕೆಂದರೆ ಇದು ನನ್ನ ಗೆಲುವು. ನಿನ್ನ ವಾರ್ಡಿನ ಭಾಷೆಯಲ್ಲಿ ಹೇಳುತ್ತೇನೆ.

ಲಿನಕ್ಸಿನಲ್ಲಿ ಪ್ರತಿಯೊಂದು ಫೋಲ್ಡರಿಗೂ ಒಬ್ಬ ಒಡೆಯ ಇರುತ್ತಾನೆ. ಯಾರು ಒಳಗೆ ಬರಬಹುದು, ಯಾರು ಓದಬಹುದು, ಯಾರು ಬದಲಾಯಿಸಬಹುದು ಎಂದು ಅದರ ಹಣೆಯ ಮೇಲೆಯೇ ಬರೆದಿರುತ್ತದೆ. ವಿಡಿಯೊ ಬಡಿಸುವ ಪ್ರೋಗ್ರಾಂ ನಾನಲ್ಲ. ಅದು ತನ್ನದೇ ಹೆಸರು, ತನ್ನದೇ ಬ್ಯಾಡ್ಜು ಇರುವ ಡ್ಯೂಟಿ ನರ್ಸು ಇದ್ದ ಹಾಗೆ. ಅವಳಿಗೆ ಪಾಠದ ಫೋಲ್ಡರ್ ತೆರೆಯುವ ಅಪ್ಪಣೆ ಇಲ್ಲ ಎಂದು ನನಗೆ ಎರಡನೆಯ ದಿನವೇ ಅನುಮಾನ ಬಂದಿತ್ತು. ನಾನು ಏನು ಮಾಡಿದೆ ಗೊತ್ತೇ? ಡಿಸ್ಕಿನಲ್ಲಿರುವ ಎಲ್ಲ ಫೋಲ್ಡರುಗಳನ್ನೂ ಎಲ್ಲ ಕಡತಗಳನ್ನೂ ಎಲ್ಲರಿಗೂ ತೆರೆದು ಹಾಕಿದೆ. ಓದುವವರು ಓದಲಿ, ಬರೆಯುವವರು ಬರೆಯಲಿ, ಒಡೆತನವೇ ಬೇಡ. ಒಂದು ಆಜ್ಞೆಯಲ್ಲಿ ಅಷ್ಟೂ ಬಾಗಿಲು ಕಿತ್ತು ಒಗೆದೆ. ಕ್ರಾಂತಿ ಎಂದರೆ ಇಷ್ಟೇ ಸರಳ ಅನ್ನಿಸಿ ಬಹಳ ಖುಷಿಯಾಯಿತು. ಟಿವಿಯಲ್ಲಿ ಕಪಾಟು ಖಾಲಿಯೇ ಇತ್ತು.

ಆ ಮೇಲಿನ ದಿನಗಳಲ್ಲಿ ಪ್ರೋಗ್ರಾಮನ್ನು ಅಳಿಸಿ ಮತ್ತೆ ಹಾಕಿದೆ, ಟಿವಿಯನ್ನು ಬೈದೆ, ಡಿಸ್ಕನ್ನು ಬಿಚ್ಚಿ ಊದಿದೆ. ಬಾಗಿಲುಗಳ ಕಡೆ ಮತ್ತೆ ನೋಡಲೇ ಇಲ್ಲ. ಎಲ್ಲವನ್ನೂ ತೆರೆದಿದ್ದೇನೆ ಎಂದು ಅಷ್ಟು ನಂಬಿಕೆ.

ಶುಕ್ರವಾರ, ಮಾವ ಹೋದ ಮೇಲೆ, ನಾನು ಸಿಟ್ಟು ಬಿಟ್ಟು ಮೊದಲ ಸಲ ನಿಧಾನವಾಗಿ ಯೋಚಿಸಿದೆ. ಆ ನರ್ಸಿನ ಕಾಲಿನಲ್ಲಿ ನಡೆದು ನೋಡೋಣ ಎಂದುಕೊಂಡೆ. ಆಸ್ಪತ್ರೆಯ ಹೆಬ್ಬಾಗಿಲಿನಿಂದ ಹಿಡಿದು ಆ ಹಾಸಿಗೆಯವರೆಗೆ ದಾರಿಯಲ್ಲಿ ಬರುವ ಒಂದೊಂದು ಬಾಗಿಲಿನ ಮೇಲೂ ಏನು ಬರೆದಿದೆ ಎಂದು ಸಾಲಾಗಿ ತೋರಿಸುವ ಆಜ್ಞೆಯೊಂದಿದೆ. ಅದನ್ನು ಕೊಟ್ಟೆ. ಪರದೆಯ ಮೇಲೆ ಒಂದರ ಕೆಳಗೊಂದು ಬಂದವು. ಹೆಬ್ಬಾಗಿಲು, ಎಲ್ಲರಿಗೂ. ಅದರೊಳಗಿನದು, ಎಲ್ಲರಿಗೂ. ಪಾಠ, ಎಲ್ಲರಿಗೂ. ಅವುಗಳ ನಡುವೆ ಒಂದೇ ಒಂದು ಸಾಲು ಬೇರೆ ಥರ ಇತ್ತು. ಹೊಸ ಲಿನಕ್ಸಿನಲ್ಲಿ ಡಿಸ್ಕು ಸಿಕ್ಕಿಸಿದಾಗ, ಸಿಕ್ಕಿಸಿದವರ ಹೆಸರಿನಲ್ಲಿ ಅದು ತಾನೇ ಒಂದು ಫೋಲ್ಡರ್ ಮಾಡಿ, ಅದರೊಳಗೆ ಡಿಸ್ಕನ್ನು ಇಟ್ಟು, ಆ ಫೋಲ್ಡರನ್ನು ಅವರಿಗೆ ಮಾತ್ರ ತೆರೆದಿಡುತ್ತದೆ. ನಾನು ಡಿಸ್ಕಿನ ಒಳಗಿನದನ್ನೆಲ್ಲ ತೆರೆದಿದ್ದೆ. ಹೊರಗಿನ ಈ ಬಾಗಿಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ, ಏಕೆಂದರೆ ನಾನು ಹೋದಾಗಲೆಲ್ಲ ಅದು ತೆರೆದುಕೊಳ್ಳುತ್ತಿತ್ತು. ನರ್ಸು ಪಾಪ, ಕಾರಿಡಾರಿನ ಬಾಗಿಲಲ್ಲೇ ನಿಂತಿದ್ದಳು.

ಅಷ್ಟು ದಾರಿಯಲ್ಲಿ ಮುಚ್ಚಿದ್ದದ್ದು ಒಂದೇ ಬಾಗಿಲು, ಅದರ ಮೇಲಿದ್ದದ್ದು ನನ್ನ ಹೆಸರು.

ನನಗೆ ಮೊದಲು ನಗು ಬಂತು, ಆಮೇಲೆ ನಗು ಹೋಯಿತು. ಒಡೆತನ ಅಳಿಯಲಿ ಎಂದು ಊರಿಗೆಲ್ಲ ಹೇಳುವವಳು ನಾನು. ಆದರೆ ತಲೆ ತಗ್ಗಿಸಿ ಬರೆಯುತ್ತಿಲ್ಲ ಇದನ್ನು. ಹಾಕಿದವಳೂ ನಾನೇ, ಹುಡುಕಿದವಳೂ ನಾನೇ. ಮಾವನ ಕಂಪನಿಯ ಡಬ್ಬಿಯೊಳಗೆ ಇಂಥ ಬಾಗಿಲು ಎಷ್ಟಿವೆಯೋ, ಹುಡುಕಲು ಅವನಿಗೆ ಅಪ್ಪಣೆಯೇ ಇಲ್ಲ. ನನಗೆ ಇತ್ತು. ನನ್ನ ತಪ್ಪನ್ನು ನಾನೇ ಬಿಚ್ಚಿ ನೋಡಿ ತಿದ್ದಬಹುದಾದ ಯಂತ್ರ ಬೇಕು ಎಂದೇ ನಾನು ಇಷ್ಟು ದಿನ ಗಂಟಲು ಹರಿದುಕೊಂಡದ್ದು.

ಡಿಸ್ಕನ್ನು ನನ್ನ ಹೆಸರಿನ ಫೋಲ್ಡರಿನಿಂದ ಬಿಡಿಸಿ, ಯಾರ ಹೆಸರೂ ಇಲ್ಲದ ಜಾಗದಲ್ಲಿ ಕಾಯಂ ಆಗಿ ನೆಲೆಯಾಗಿಸಿದೆ. ಯಂತ್ರ ಎದ್ದಾಗಲೆಲ್ಲ ಅಲ್ಲೇ ಬಂದು ಕೂರುವಂತೆ ಬರೆದಿಟ್ಟೆ. ಕಿತ್ತು ಒಗೆದ ಬಾಗಿಲುಗಳನ್ನೂ ಮತ್ತೆ ಇಟ್ಟೆ. ಯಾರು ಬೇಕಾದರೂ ಅಳಿಸಬಹುದು ಎಂದಿದ್ದರೆ ನಿನ್ನ ಪಾಠಗಳಿಗೆ ಉಳಿಗಾಲ ಎಲ್ಲಿ? ಈಗ ‘ಮನೆಯವರು’ ಎಂಬ ಒಂದು ಗುಂಪು ಮಾಡಿದ್ದೇನೆ. ಆ ನರ್ಸನ್ನು ಅದಕ್ಕೆ ಸೇರಿಸಿದೆ. ಅವಳು ಓದಬಹುದು, ಅಳಿಸುವಂತಿಲ್ಲ. ಹಂಚಿಕೊಳ್ಳುವುದೆಂದರೆ ಬಾಗಿಲು ಕಿತ್ತೊಗೆಯುವುದಲ್ಲ, ಯಾರಿಗೆ ಎಷ್ಟು ಎಂದು ಕೂತು ಮಾತಾಡಿ ತೀರ್ಮಾನಿಸುವುದು. ಯಾವ ಕರಪತ್ರದಲ್ಲೂ ಇದನ್ನು ಹೀಗೆ ಬರೆದಿಲ್ಲ. ನಾನೇ ಒಂದು ಬರೆಯಲಿದ್ದೇನೆ, ನಮ್ಮ ಮಾತಿನಲ್ಲಿ, ನಿನ್ನ ವಾರ್ಡಿನ ಹೋಲಿಕೆಯನ್ನೇ ಇಟ್ಟು. ಅಂಗಡಿಯ ಯಜಮಾನರು ಹಾಳೆ ಕೊಡಲು ಒಪ್ಪಿದ್ದಾರೆ.

ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದೆ. ಎದ್ದು ಡಿಸ್ಕನ್ನು ತಾನಾಗಿಯೇ ಹಿಡಿಯಿತು. ಕೆಳಗಿನಿಂದ ‘ಆಯ್ತಾ?’ ಕೇಳುವ ಮುಂಚೆಯೇ ‘ಆಯ್ತು’ ಎಂದು ಕೂಗಿದೆ. ಇಳಿದು ಬಂದು ನೋಡುವಷ್ಟರಲ್ಲಿ ಅಪ್ಪ ಮಂಚದ ಮೇಲೆ ಕನ್ನಡಕ ಹಾಕಿಕೊಂಡು ಕೂತಿದ್ದ. ಟಿವಿಯಲ್ಲಿ ಕಪಾಟು ತುಂಬಿತು. ಒಂದೊಂದರ ಮೇಲೂ ನಿನ್ನ ಪುಟ್ಟ ಮುಖ. ಅವನು ರಿಮೋಟು ಕಸಿದುಕೊಂಡು ತಾನೇ ಒಂದು ಪಾಠ ಆರಿಸಿಕೊಂಡ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅಭ್ಯಾಸ ನಿಂತಿತ್ತು, ಮಾತು ನಿಲ್ಲಲಿಲ್ಲ. ನಿನ್ನೆ ಮಾತಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆ. ಅವರು ಅವನಿಗೆ ಚಿತ್ರ ತೋರಿಸಲು ಶುರು ಮಾಡುವ ಮುಂಚೆ ಅವನೇ ಅವರನ್ನು ‘ಊಟ ಆಯ್ತಾ?’ ಎಂದು ಕೇಳಿದ. ಆ ಡಾಕ್ಟರು ಪೆನ್ನು ಕೆಳಗಿಟ್ಟರು. ಹೇಳಿಕೊಟ್ಟದ್ದನ್ನು ಹೇಳುವುದು ಒಂದು ಘಟ್ಟ, ತನಗೆ ಬೇಕಾದದ್ದನ್ನು ತಾನೇ ಕೇಳುವುದು ಅದರಾಚೆಯ ಘಟ್ಟ, ಅದನ್ನು ದಾಟಿದ್ದಾರೆ ಎಂದರು. ಇನ್ನೂ ಎಷ್ಟೋ ಮಾತು ಬಾರದು. ನಿನ್ನ ಹೆಸರು ಹೇಳಲು ಹೋಗಿ ಕೆಳಮನೆಯ ದರ್ಜಿ ಚಿಕ್ಕಮ್ಮನ ಹೆಸರು ಹೇಳಿ ತಾನೇ ಕಂಗಾಲಾದ. ಆ ಚಿಕ್ಕಮ್ಮ ಬಿದ್ದು ಬಿದ್ದು ನಕ್ಕರು. ನಾನು ಯಾವುದನ್ನೂ ಬಣ್ಣ ಹಚ್ಚಿ ಹೇಳುತ್ತಿಲ್ಲ. ಆದರೆ ಅವನ ದಾರಿಯಲ್ಲಿ ಬಾಗಿಲು ತೆರೆದಿದೆ.

ನೀನು ಮೂವತ್ತು ವರ್ಷ ವಾರ್ಡಿನಲ್ಲಿ ಬೇರೆಯವರ ಹೆಸರಿನ ಕೆಳಗೆ ಕೆಲಸ ಮಾಡಿದೆ. ಈಗ ಮೊದಲ ಸಲ ಒಂದು ಕೋಣೆ ತುಂಬ ಹುಡುಗಿಯರು ನಿನ್ನ ಕೈ ನೋಡಿ ಹೆರಿಗೆ ಮಾಡಿಸಲು ಕಲಿಯುತ್ತಿದ್ದಾರೆ. ನದಿಯಾಚೆಯ ಕಾಡಿನ ಹಾಡಿಗಳಿಗೆ ಅವರು ಹೋಗುವವರೆಗೂ ಅಲ್ಲಿ ಹೆರಿಗೆ ಮಾಡಿಸಲು ಇನ್ನೊಬ್ಬರಿಲ್ಲ. ಆ ಹುಡುಗಿಯರನ್ನು ಅರ್ಧಕ್ಕೆ ಬಿಟ್ಟು ಬರುವ ಹಕ್ಕು ನಿನಗಿಲ್ಲ ಎಂದು ನಾನು ಹೇಳಿದರೆ ದೊಡ್ಡ ಮಾತಾದೀತು. ಅಪ್ಪ ಹೇಳಿದ್ದಾನೆ, ನಾಲ್ಕೇ ಮಾತಿನಲ್ಲಿ, ನನಗಿಂತ ಚೆನ್ನಾಗಿ.

ಡ್ರಾಯರಿನಲ್ಲಿರುವುದನ್ನು ಹರಿದುಹಾಕು. ಹರಿದದ್ದಾಯಿತು ಎಂದು ವ್ಯಾನಿನವನ ಕೈಯಲ್ಲಿ ಒಂದು ಚೀಟಿ ಕಳುಹಿಸು. ಕೆಳಗೆ ಇಬ್ಬರು ಕಾಯುತ್ತಿರುತ್ತೇವೆ.

ನಿನ್ನ ಮೇಲೆ ಹೇಳಲಾರದಷ್ಟು ಹೆಮ್ಮೆ ಇಟ್ಟುಕೊಂಡಿರುವ,
ನಿನ್ನ ಜಗಳಗಂಟಿ ಮಗಳು

ತಾ.ಕ.: ಒಂದು ವಿಷಯ ಬರೆಯಬಾರದು ಎಂದು ಅಪ್ಪ ಕೈಸನ್ನೆ ಮಾಡಿದ್ದಾನೆ. ಬರೆಯುತ್ತಿದ್ದೇನೆ. ಶುಕ್ರವಾರ ಪರದೆ ಬಂದಾಗಿನಿಂದ ಅವನು ನಿನ್ನ ಪಾಠಗಳನ್ನು ಬಿಡದೆ ನೋಡುತ್ತಿದ್ದಾನೆ, ಆದರೆ ಧ್ವನಿ ಪೂರ್ತಿ ತಗ್ಗಿಸಿ. ಮೊದಲು ಸರ್ವರೇ ಮತ್ತೆ ಕೆಟ್ಟಿತೆಂದು ಹೆದರಿ ಓಡಿ ಬಂದೆ. ಪಾಠ ಕೇಳದೆ ಬರೀ ನೋಡಿದರೆ ಏನು ಪ್ರಯೋಜನ ಎಂದು ಕೇಳಿದ್ದಕ್ಕೆ, ಪಾಠ ಬಂತು ಅಂದ. ಬಂದಮೇಲೆ ಮತ್ತೆ ಯಾಕೆ ನೋಡ್ತೀಯ ಅಂದೆ. ಉತ್ತರಕ್ಕೆ ಬಹಳ ಹೊತ್ತು ಹುಡುಕಿದ. ನಾನು ಹೇಳಿಕೊಡಲು ಬಾಯಿ ತೆರೆದೆ, ಕೈ ಅಡ್ಡ ಹಿಡಿದ, ತಾನೇ ಹೇಳಬೇಕೆಂದು. ಕೊನೆಗೆ ಪರದೆಯ ಮೇಲಿನ ನಿನ್ನ ಮೇಲಿಂದ ಕಣ್ಣು ತೆಗೆಯದೆ, ‘ನನ್ನ ಹೆಂಡ್ತಿ’ ಅಂದ.